ಕಂಡಲ್ಲೇ ಮೂಡಬೇಕು

ಎರಡು ಚಳಿಗಾಲ ಬೋನಾಳ ಕೆರೆಯಲ್ಲಿ ನಾನು ತೆಗೆದ ಪಟ್ಟೆತಲೆ ಬಾತುಗಳೆಲ್ಲ ಮಸುಕು. ಹಿಂದಿನ ಜೊಂಡು ಮಾತ್ರ ಸ್ಪಷ್ಟ. ನನ್ನ ಕಣ್ಣೇ ಮಂಜಾಗುತ್ತಿದೆ ಎಂದು ಹೆದರಿದ್ದೆ. ಕೊನೆಗೆ ಕ್ಯಾಮೆರಾ, ಲೆನ್ಸ್ ಎರಡನ್ನೂ ತಯಾರಕರಿಗೆ ಕಳಿಸಿದೆ.

ಈ ಕೆರೆಯನ್ನು ವಿಸ್ತರಿಸಿದ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದಾಗ ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗಿ ಎರಡೇ ವರ್ಷ. 1866ರಲ್ಲಿ ವಿಜಾಪುರದ ಮೇಲೊಂದು, ಧಾರವಾಡ-ಮೈಸೂರು ಸೀಮೆಯ ಮೇಲೊಂದು ಛಾಯಾಚಿತ್ರ ಗ್ರಂಥ ಬಂದವು. ಚಿತ್ರ ಬೇರೆಯವರದು, ಚರಿತ್ರೆಯ ಬರಹ ಟೇಲರ್ ಅವರದು. ಆಗಿನ ಛಾಯಾಗ್ರಾಹಕ ಕರಿಬಟ್ಟೆ ಹೊದ್ದು, ಮಬ್ಬುಗಾಜಿನ ಮೇಲೆ ಬಿಂಬ ನೋಡಿ ಫೋಕಸ್ ಮಾಡುತ್ತಿದ್ದ. ಆಮೇಲೆ ಅದೇ ಜಾಗಕ್ಕೆ ಪ್ಲೇಟು ಇಡುತ್ತಿದ್ದ. ಕಂಡದ್ದೂ ಮೂಡಿದ್ದೂ ಒಂದೇ ಕಡೆ.

ನನ್ನ ಡಿಎಸ್‌ಎಲ್‌ಆರ್‌ನಲ್ಲಿ ಹಾಗಲ್ಲ. ಕನ್ನಡಿಯು ಬೆಳಕಿನ ಒಂದು ಪಾಲನ್ನು ತಳದಲ್ಲಿರುವ ಫೋಕಸ್ ಸೆನ್ಸರಿಗೆ ಕಳಿಸುತ್ತದೆ. ಚಿತ್ರ ಮೂಡುವುದು ಹಿಂದಿನ ಸೆನ್ಸರಿನಲ್ಲಿ. ಎರಡು ದಾರಿಗಳ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಹಕ್ಕಿ ಹೋಗಿ ಜೊಂಡು ಉಳಿಯುತ್ತದೆ. ಆ ಅಂತರ ಸರಿಪಡಿಸುವುದೇ ಕ್ಯಾಲಿಬ್ರೇಷನ್. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳು ಚಿತ್ರ ಮೂಡುವ ಸೆನ್ಸರಿನಲ್ಲೇ ಫೋಕಸ್ ಹುಡುಕುತ್ತವೆ. ಆ ಮಬ್ಬುಗಾಜಿನ ನ್ಯಾಯಕ್ಕೇ ಮರಳಿವೆ.

ಈ ಚಳಿಗಾಲ ಸರಿಯಾಗಿ ಬಂದ ಕ್ಯಾಮೆರಾ ಹಿಡಿದು ಮತ್ತೆ ಒಡ್ಡಿನ ಮೇಲೆ ನಿಂತೆ. ಬಾತಿನ ಕಣ್ಣು ನಿಚ್ಚಳವಾಗಿ ಬಂತು. ನನ್ನ ಕಣ್ಣಿನದೇನೂ ತಪ್ಪಿರಲಿಲ್ಲ.