ಹಂದಿಗೋಡಿನ ಏಡಿ



ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆ ನಮ್ಮ ಹೊಸ ಹುಡುಗರಿಗೆ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ.

1974-75ರ ಸುಮಾರಿಗೆ ಆ ಊರಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ಜನ ನಡೆಯಲಾಗದೆ ತೆವಳತೊಡಗಿದರು. ಕೆಲವರು ಕುಳ್ಳಾಗಿಯೇ ಉಳಿದರು. ಮಲೆನಾಡಿನ ಬೇರೆ ಹಳ್ಳಿಗಳಲ್ಲೂ ಇದು ಕಂಡಿತು. ಹೆಚ್ಚಿನವರು ಚನ್ನಂಗಿ, ಛಲವಾದಿ ಸಮುದಾಯದವರು. ಅಂದ್ರೆ ನಮ್ಮೋರು, ಗದ್ದೆ ಕೂಲಿಗಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಅನುಮಾನ ಬಿದ್ದದ್ದು ಗದ್ದೆ ಏಡಿಯ ಮೇಲೆ. ಭತ್ತಕ್ಕೆ ಪ್ಯಾರಾಥಿಯಾನ್, ಎಂಡ್ರಿನ್ ಹೊಡೀತಿದ್ದರು. ಅದೇ ಗದ್ದೆಯ ಏಡಿ ನಮ್ಮೋರ ಸಾರಿಗೆ ಬೀಳ್ತಿತ್ತು. ಏಡಿ ಯಾಕೆ ತಿಂದ್ರು ಅಂತ ಕೇಳಬೇಡಿ. ಗದ್ದೆ ಅವರದಲ್ಲ, ಭತ್ತ ಅವರದಲ್ಲ, ಪುಕ್ಕಟೆ ಸಿಗ್ತಿದ್ದದ್ದು ಏಡಿ.

ಇಂಥ ವಿಷ ಪತ್ತೆ ಮಾಡೋದು ಹೇಗೆ? ಮಾಂಸವನ್ನೋ ಮಣ್ಣನ್ನೋ ಪುಡಿಮಾಡಿ ದ್ರಾವಕದಲ್ಲಿ ಕಲಕುತ್ತಾರೆ. ವಿಷ ದ್ರಾವಕಕ್ಕೆ ಇಳಿಯುತ್ತದೆ. ಅದನ್ನು ಸೋಸಿ, ಆರಿಸಿ, ಉಳಿದದ್ದನ್ನು ಕ್ರೊಮಟೋಗ್ರಾಫ್ ಯಂತ್ರಕ್ಕೆ ಕೊಟ್ಟರೆ ಯಾವ ವಿಷ, ಎಷ್ಟು ಅಂತ ತಿಳಿಯುತ್ತದೆ. ಎಂಡ್ರಿನ್ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಪ್ಯಾರಾಥಿಯಾನ್ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಕರಗುತ್ತೆ. ತಡವಾಗಿ ತೆಗೆದ ಮಾದರಿಯಲ್ಲಿ ವಿಷ ಸಿಗಲಿಲ್ಲ ಅಂದರೆ ವಿಷ ಇರಲೇ ಇಲ್ಲ ಅಂತಲ್ಲ.

ಮುಂದಿನ ಅಧ್ಯಯನಗಳು ಇದು ವಂಶವಾಹಿಯ ಮೂಳೆ ಕಾಯಿಲೆ, ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ಬರಬಹುದು ಎಂದವು. ನಾನದನ್ನು ಅಲ್ಲಗಳೆಯಲ್ಲ. ವಿಜ್ಞಾನವನ್ನು ನಮಗೆ ಬೇಕಾದಂಗೆ ತಿರುಚೋದು ಬಾಬಾಸಾಹೇಬರು ಕಲಿಸಿದ ದಾರಿಯಲ್ಲ. ಆದರೆ ಕಾಯಿಲೆಗೆ ಕಾರಣ ರಕ್ತದಲ್ಲಿ ಸಿಕ್ಕಿತು ಅಂದಮೇಲೆ ಗದ್ದೆಯ ಪ್ರಶ್ನೆಯನ್ನೂ ಮುಚ್ಚಿಬಿಡಬೇಕಾ? ಅವೆರಡೂ ಬೇರೆ ಪ್ರಶ್ನೆಗಳು. ಎಂಡ್ರಿನ್ ಈ ದೇಶದಲ್ಲಿ ನಿಷೇಧವಾದದ್ದು 1990ರಲ್ಲಿ. ವಿಷ ಹೊಡೆದ ನೀರಲ್ಲಿ ನಿಂತ ಕಾಲುಗಳು ಯಾರವು, ಆ ನೀರಿನ ಏಡಿ ತಿಂದ ಹೊಟ್ಟೆಗಳು ಯಾರವು?

ನಾನು ಗುಮಾಸ್ತ. ನಮೂನೆಯಲ್ಲಿ ಕಾಲಂ ಇಲ್ಲದ್ದು ಸರ್ಕಾರದ ಕಣ್ಣಿಗೆ ಬೀಳಲ್ಲ ಅನ್ನೋದನ್ನ ದಿನಾ ನೋಡ್ತೀನಿ. ಇವತ್ತೂ ಆಹಾರದ ಕಾನೂನು ನೋಡೋದು ಮಾರಾಟಕ್ಕೆ ಬಂದದ್ದನ್ನ. ಬದುವಿನ ಸೊಪ್ಪು, ಗದ್ದೆಯ ಏಡಿ, ಕಾಲುವೆಯ ಮೀನು ಅಂಗಡಿಗೆ ಬರಲ್ಲ, ನೇರ ನಮ್ಮ ಕೇರಿಯ ಒಲೆಗೆ ಹೋಗ್ತವೆ.

ಅದಕ್ಕೇ ನಮ್ಮ ಬೇಡಿಕೆ: ಕೂಲಿಗಳು ತಿನ್ನೋದನ್ನೂ ಪರೀಕ್ಷೆ ಮಾಡಿ. ಔಷಧಿ ಹೊಡೆಯೋ ಹಂಗಾಮಿನಲ್ಲೇ ಮಾದರಿ ತೆಗೀರಿ. ಫಲಿತಾಂಶವನ್ನ ಕೇರಿಯಲ್ಲೇ, ಕನ್ನಡದಲ್ಲೇ ಓದಿ ಹೇಳಿ.