ಕ್ಷಮೆಯೋ, ಬಿಡುಗಡೆಯೋ?

ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಈಗ ‘ವಂಶದ ಶಾಪ’ ಮುರಿಯುವ ಉಪವಾಸ ಕೂಟಗಳ ಭರಾಟೆ. ಅಜ್ಜನ ಪಾಪ ಮೊಮ್ಮಗನ ಹೆಗಲಿಗಿದೆ ಎಂದು ಕೇಳಿ ಕೇಳಿ ಜನ ಕುಗ್ಗಿದ್ದಾರೆ. ಮುದನಾಳದ ಮನೆಯೊಂದರ ಪ್ರಾರ್ಥನಾಕೂಟದಲ್ಲಿ ಕರ್ತನ ಭೋಜನದ ತಟ್ಟೆ ಹತ್ತಿರ ಬಂದಾಗ ಮುದುಕಿಯೊಬ್ಬರು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, “ಬ್ಯಾಡ್ರಿ ಅಯ್ಯನೋರೇ, ನನ್ನ ಪಾಪ ಭಾಳ ದೊಡ್ಡದದ” ಅಂದರು. ದೀಕ್ಷಾಸ್ನಾನವಾಗಿ ಎಷ್ಟೋ ವರ್ಷಗಳಾಗಿದ್ದ ಹೆಣ್ಣುಮಗಳು. ಕ್ಷಮೆಯನ್ನು ಇಷ್ಟು ಕಾಲ ಕನ್ನಡದಲ್ಲಿ ಬೋಧಿಸಿದ ನಾವು ಆಕೆಗೆ ಮುಟ್ಟಿಸಿದ್ದೇನು?

ಆ ಬೋಧನೆಯ ಮೊದಲ ಘಟ್ಟವನ್ನು ಬೇಗ ಹೇಳಿಬಿಡಬಹುದು. ಮುದಗಲ್ಲಿನ ಕಥೋಲಿಕರಲ್ಲಿ ಗುರುವಿನ ಮುಂದೆ ಪಾಪನಿವೇದನೆ ಮಾಡಿ, ಪರಿಹಾರದ ಮಾತನ್ನು ಕಿವಿಯಾರೆ ಕೇಳುವ ಪದ್ಧತಿ ಹಳೆಯದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ತೊಡಗಿದರು. 1834ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಷನ್ನಿನವರು ಮುಂದೆ ಅಚ್ಚುಕೂಟವನ್ನೇ ತೆರೆದರು. ಈ ಎರಡೂ ಮಿಷನ್ನಿನವರ ದೃಷ್ಟಿ ಹೆಚ್ಚಾಗಿ ಪಾಪದ ಅರಿವು ಮೂಡಿಸುವುದರ ಮೇಲೆ. ಅರಿವು ಮೂಡಿದವನ ನಿದ್ದೆಗೆಟ್ಟ ರಾತ್ರಿಗಳಿಗೆ ಸಿಕ್ಕ ಗಮನ ಕಡಿಮೆ.

ತೊಡಕು ಪದದಲ್ಲೇ ಇದೆ. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಅಫೆಸಿಸ್’: ಸಾಲದಿಂದ, ಸೆರೆಯಿಂದ ಬಿಟ್ಟುಕಳಿಸುವುದು. ಲೂಕನ ನಾಲ್ಕನೆಯ ಅಧ್ಯಾಯದಲ್ಲಿ ಸೆರೆಯವರಿಗೆ ಅದು ‘ಬಿಡುಗಡೆ’ಯೆಂದೇ ಕನ್ನಡಕ್ಕೆ ಬಂತು. ಪಾಪಿಯ ಪಾಲಿಗೆ ‘ಕ್ಷಮೆ’ಯಾಯಿತು. ಕ್ಷಮೆಯ ಬೇರು ಸೈರಣೆ. ಹಾಗಾಗಿ ದೇವರು ಈ ಸಲ ತಾಳಿಕೊಂಡ, ಮುಂದಿನ ಸಲ ಹೇಗೋ ಎಂಬ ಅಂಜಿಕೆ ಜನರಲ್ಲಿ ಉಳಿದೇಬಿಟ್ಟಿತು. ಹೊಡೆಯುವ ಗಂಡನನ್ನು ಕ್ಷಮಿಸೆಂದು ಹೆಂಗಸರನ್ನು ಸಮಾಧಾನಪಡಿಸಿ ಕಳಿಸಿದ್ದೂ ಕ್ಷಮೆಯನ್ನು ಬರಿ ಸೈರಣೆಯೆಂದುಕೊಂಡ ಇದೇ ತಪ್ಪು ಓದಿನಿಂದ.

ನಮ್ಮ ಭಾಗಕ್ಕೆ ಮೆಥೋಡಿಸ್ಟರು ತಂದದ್ದು ಭರವಸೆಯ ಬೋಧನೆ. 1738ರ ಮೇ 24ರ ಸಂಜೆ ಲಂಡನ್ನಿನಲ್ಲಿ ಅವರ ಮೂಲಗುರು ಜಾನ್ ವೆಸ್ಲಿಗೆ ತನ್ನ ಪಾಪವೂ ತೊಲಗಿತೆಂಬ ಖಾತ್ರಿಯಾಯಿತು. ‘ನನ್ನದೂ’ ಎಂಬ ಆ ಖಾತ್ರಿಯೇ ಅವರ ಬೋಧನೆಯ ಜೀವಾಳ. ಅದನ್ನು ಇಲ್ಲಿಯ ಮಾತಿಗೆ ತಂದವರು ನಮ್ಮ ಓರಿಗೆಯ ಹಳ್ಳಿ ಬೋಧಕರು. ಜೀತ ರದ್ದತಿಯ ಕಾನೂನು 1976ರಲ್ಲಿ ಬಂದಿತ್ತು. ಆದರೂ ಜೀತದ ನೆನಪು ಇನ್ನೂ ಹಸಿಯಾಗಿತ್ತು. ಗುಳೆ ಹೋಗಿ ಬಂದವರ ನಡುವೆ ಕೂತು ಅವರು ಕೇಳುತ್ತಿದ್ದರು: “ಮುಂಗಡ ತೀರಿದ ಮ್ಯಾಲೂ ಚೀಟಿ ಮೇಸ್ತ್ರಿ ಕಿಸೇದಾಗ ಇದ್ರ ನಿದ್ದಿ ಬರ್ತದೇನು? ಶಿಲುಬಿ ಮ್ಯಾಲ ಆ ಚೀಟೀನೇ ಹರದು ಹೋಗ್ಯದ.” ಕೊಲೊಸ್ಸೆಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಕೇಳಿಲ್ಲ. ಜಕ್ಕಾಯನ ಕಥೆಯನ್ನೂ ಅವರು ಬಿಡುತ್ತಿರಲಿಲ್ಲ: ಬಿಡುಗಡೆಯಾದವನು ಕಸಿದದ್ದನ್ನು ಹಿಂದಿರುಗಿಸುತ್ತಾನೆ; ಹಿಂದಿರುಗಿಸಿದ ಮೇಲೂ ತನ್ನನ್ನು ತಾನು ಹೊಡೆದುಕೊಳ್ಳುತ್ತ ಕೂರುವುದಿಲ್ಲ.

ಮಿಷನರಿಗಳ ಜೀವನಚರಿತ್ರೆಗಳು ನಮ್ಮಲ್ಲಿ ಬಂದಿವೆ. ಈ ಬೋಧಕರ ಪ್ರಸಂಗಗಳು ಬಹುಪಾಲು ಬರಹಕ್ಕಿಳಿಯದೆ ಹೋದವು. ಆ ಜಾಗವನ್ನೇ ಇಂದು ಶಾಪದ ಮಾತು ತುಂಬಿದೆ.

ಸಭಾಪಾಲಕರಲ್ಲಿ ನನ್ನದೊಂದು ಬಿನ್ನಹ. ಪಾಪದ ಅರಿಕೆಯಾದ ಮೇಲೆ ಕ್ಷಮೆಯ ಸಾಲುಗಳನ್ನು ಅವಸರದಲ್ಲಿ ಮುಗಿಸಬೇಡಿ. ಪುಸ್ತಕದಿಂದ ತಲೆ ಎತ್ತಿ, ಹಿಂದಿನ ಸಾಲಿನಲ್ಲಿ ಕೂತವರ ಮುಖ ನೋಡಿ, ‘ನಿಮಗೆ ಬಿಡುಗಡೆಯಾಗಿದೆ’ ಎಂದು ಹೇಳಿ.