ಬೆಳಿಗ್ಗೆ ಹೋಗಿ ರಾತ್ರಿ ಬರುವ ಊರುಗಳು

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದ. ಬಸ್ಸಿಗೆ ಕಾಸಿರಲಿಲ್ಲ. ಮುಂದೆ 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರೇ ಆ ಹುಡುಗ. ಆ ಹೊತ್ತಿಗೆ ಗೌರಿಬಿದನೂರಿಗೆ ರೈಲು ಬಂದು ನಲವತ್ತು ವರ್ಷ ಆಗಿತ್ತು. ಹಳಿ ಇದ್ದರೆ ಸಾಲದು, ಟಿಕೆಟ್ಟಿಗೆ ದುಡ್ಡೂ ಇರಬೇಕಲ್ಲ!

ಈಗ ಅದೇ ಗೌರಿಬಿದನೂರಿನಿಂದ ಪಾಸು ಹಿಡಿದು ದಿನಾ ಹೋಗಿಬರುವವರಿದ್ದಾರೆ. ಬೆಳಕು ಹರಿಯುವ ಮೊದಲೇ ಡಬ್ಬಿ ಕಟ್ಟಿಕೊಂಡು ಹೊರಡುತ್ತಾರೆ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಾಲೇಜು ಹುಡುಗರು, ಗುಮಾಸ್ತರು. ಬೆಂಗಳೂರಿನ ಬಾಡಿಗೆ ಕೊಡಲಾಗದವರಿಗೆ ಈ ಪಾಸೇ ಊರಲ್ಲಿ ಮನೆ ಉಳಿಸಿಕೊಟ್ಟಿದೆ ಎಂದು ನಾವು ಹೇಳುತ್ತೇವೆ.

ಉಳಿದ ಮೂರು ಊರುಗಳ ಕಥೆ ಬೇರೆ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಬಂತು. 1915ರಲ್ಲಿ ಖಾಸಗಿ ಕಂಪನಿಯೊಂದು ಯಲಹಂಕದಿಂದ ದೇವನಹಳ್ಳಿ, ನಂದಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಅಂಥದ್ದೇ ಹಳಿ ಹಾಕಿತು. ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೂಲಕ ಎರಡೂ ಕೂಡಿಕೊಂಡವು. ನಂದಿ ಹಾಲ್ಟ್, ಆವತಿಯ ಹಳೇ ಸ್ಟೇಷನ್ ಕಟ್ಟಡಗಳನ್ನು ಈಗಲೂ ನೋಡಬಹುದು.

ಚಿಕ್ಕಬಳ್ಳಾಪುರದ ಹಳಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಶಿಡ್ಲಘಟ್ಟ, ಚಿಂತಾಮಣಿಯವರು ಮಾತ್ರ ಅಗಲ ಹಳಿಗೆ 2013ರ ನವೆಂಬರ್‌ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಜನ ಬಸ್ಸಿಗೆ ಒಗ್ಗಿಹೋಗಿದ್ದರು. ಈಗಲೂ ಆ ದಾರಿಯಲ್ಲಿ ಓಡುವುದು ಬೆರಳೆಣಿಕೆಯ ರೈಲು. ಹಾಗಂತ ಶಿಡ್ಲಘಟ್ಟ ಬೆಂಗಳೂರನ್ನೇ ನಂಬಿ ಕೂತಿಲ್ಲ. ಗೂಡಿನ ಮಾರುಕಟ್ಟೆ, ರೀಲರುಗಳ ಮನೆಗಳು ಅಲ್ಲೇ ಕೆಲಸ ಕೊಟ್ಟಿವೆ. ಚಿಂತಾಮಣಿಗೂ ತನ್ನದೇ ಪೇಟೆ ಇದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಲೆಕ್ಕ ಬದಲಾಯಿತು. ಅದಕ್ಕೆ ಒಂಬತ್ತು ತಿಂಗಳು ಮೊದಲಷ್ಟೇ, 2007ರ ಆಗಸ್ಟ್‌ನಲ್ಲಿ, ಕೋಲಾರದಿಂದ ಬೇರೆಯಾಗಿ ನಮ್ಮ ಜಿಲ್ಲೆ ಆಗಿತ್ತು. ಹೆದ್ದಾರಿ ಪಕ್ಕದ ರಾಗಿ ಹೊಲಗಳಲ್ಲಿ ಲೇಔಟ್ ಕಲ್ಲು ಎದ್ದವು. ಹೊಲ ಮಾರಿದವರ ಮಕ್ಕಳೇ ಅಲ್ಲಿ ಸೆಕ್ಯುರಿಟಿ ಕೆಲಸಕ್ಕೆ, ಕ್ಯಾಬ್ ಓಡಿಸಲಿಕ್ಕೆ ಹೋಗುತ್ತಿರುವುದನ್ನು ನಾವು ನೋಡುತ್ತಿದ್ದೇವೆ. 2021ರ ಜನವರಿಯಲ್ಲಿ ನಿಲ್ದಾಣದ ಹತ್ತಿರ ರೈಲು ಹಾಲ್ಟ್ ಕೂಡ ಬಂತು.

ನಮ್ಮ ಕಡೆಯಿಂದ ನಗರಕ್ಕೆ ತರಕಾರಿ, ಹೂವು, ಹಾಲು, ದುಡಿಯುವ ಕೈ ಹೋಗುತ್ತವೆ. ಅಲ್ಲಿಂದ ನಮ್ಮ ಕೆರೆಗಳಿಗೆ ಹೆಬ್ಬಾಳ–ನಾಗವಾರ ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು ಬರುತ್ತದೆ. ಒಣಗಿದ್ದ ಕೆರೆ ತುಂಬಿದ್ದು ಸಣ್ಣ ವಿಷಯವಲ್ಲ. ಆದರೆ ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂಬ ರೈತರ ಕೂಗು ಇನ್ನೂ ನಿಂತಿಲ್ಲ.

ಈ ಕೂಗಿಗೆ ದಿನಾ ಓಡಾಡುವವರ ದನಿ ಸೇರುವುದು ಕಷ್ಟ. ನಲ್ಲಿ ನೀರು, ಚರಂಡಿ, ಬೀದಿದೀಪ ಅವರಿಗೂ ಬೇಕು. ಗ್ರಾಮಸಭೆ ಕರೆಯುವುದು ಕೆಲಸದ ದಿನ ಹಗಲು ಹೊತ್ತಿನಲ್ಲಿ. ಆಗ ಅವರು ಯಲಹಂಕ ದಾಟಿ ಎಲ್ಲೋ ಕೆಲಸದಲ್ಲಿರುತ್ತಾರೆ. ಭಾನುವಾರ ಒಂದು ಸಭೆ ಕರೆಯಿರಿ ಎಂದು ನಿಮ್ಮ ಪಂಚಾಯಿತಿಗೆ ಅರ್ಜಿ ಕೊಟ್ಟು ನೋಡಿ. ಏನಾಯಿತೆಂದು ನಮಗೂ ತಿಳಿಸಿ.